ಅರಸೀಕೆರೆ ಡಾಬು

ನಮ್ಮ ಮನೆಯ ಹಿತ್ತಲಿನ ತಂತಿಯ ಮೇಲೆ ಈಗ ಒಂದು ಬೆಲ್ಟು ಒಣಗುತ್ತಿದೆ. ಪ್ಯಾಂಟಿನ ಬೆಲ್ಟಲ್ಲ, ಆಪರೇಷನ್ ಆದವರು ಹೊಟ್ಟೆಗೆ ಸುತ್ತಿಕೊಳ್ಳುವ ಅಗಲವಾದ ಎಲಾಸ್ಟಿಕ್ ಬೆಲ್ಟು. ಅದರ ಬಣ್ಣ ಮೈಬಣ್ಣ ಎಂದು ಮೆಡಿಕಲ್ ಸ್ಟೋರಿನವನು ಹೇಳಿದ. ಆ ಬಣ್ಣದ ಮೈ ನಮ್ಮ ಸೀಮೆಯಲ್ಲಿ ನಾನು ಯಾರದ್ದೂ ನೋಡಿಲ್ಲ. ಈಚೆಗೆ ನನ್ನ ಪಿತ್ತಕೋಶದಲ್ಲಿ ಕಲ್ಲಿದೆ ಎಂದು ಗೊತ್ತಾಗಿ, ಇಲ್ಲೇ ಅರಸೀಕೆರೆಯಲ್ಲಿ ಹೊಟ್ಟೆ ಕೊಯ್ದು ತೆಗೆದರು. ಹಳೇಬೀಡಿನ ಕಡೆಯವಳಿಗೆ ಹೊಟ್ಟೆಯೊಳಗೂ ಕಲ್ಲೇ ಇರಬೇಕೆ ಎಂದು ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ನಕ್ಕರಂತೆ. ಡ್ರಾಯಿಂಗ್ ಮೇಷ್ಟ್ರಂತೂ ಆಸ್ಪತ್ರೆಗೇ ಬಂದು, "ಕೆತ್ತನೆ ಏನಾದ್ರೂ ಇತ್ತಾ ಮೇಡಂ?" ಎಂದು ಕೇಳಿದರು. ನಗಬಾರದು, ನಕ್ಕರೆ ಹೊಲಿಗೆ ನೋಯುತ್ತದೆ ಎಂದು ನಾನು ದಿಂಬನ್ನು ಹೊಟ್ಟೆಗೊತ್ತಿಕೊಂಡು ಗೋಡೆ ನೋಡುತ್ತ ಮಲಗಿದ್ದೆ.

ಬೆಲ್ಟನ್ನು ಒಗೆದು ಹಾಕಿದ ಮೊದಲ ದಿನವೇ ಪಕ್ಕದ ಮನೆಯ ಸರೋಜಮ್ಮ ಕಾಂಪೌಂಡಿನ ಮೇಲಿಂದ ಇಣುಕಿದರು. ಸರೋಜಮ್ಮ ಒಳ್ಳೆಯವರು. ನಮ್ಮ ಹಿತ್ತಲಿನ ತಂತಿಯನ್ನು ದಿನಪತ್ರಿಕೆಯ ಹಾಗೆ ಬೆಳಿಗ್ಗೆ ಬೆಳಿಗ್ಗೆಯೇ ಓದುತ್ತಾರೆ ಎನ್ನುವುದೊಂದನ್ನು ಬಿಟ್ಟರೆ ಅವರ ಮೇಲೆ ನನ್ನದೇನೂ ದೂರಿಲ್ಲ.

"ಏನ್ರೀ ಮೇಡಂ ಅದು, ಅಷ್ಟು ಅಗಲವಾಗಿ?"

"ನಮ್ಮನೆಯವರ ಸೊಂಟನೋವಿಂದು ಕಣ್ರೀ," ಎಂದೆ. ಬಾಯಿ ತಾನಾಗಿಯೇ ಹಾಗೆ ಹೇಳಿತು.

ಆಪರೇಷನ್ ಆದದ್ದು ಬೀದಿಗೆಲ್ಲ ಗೊತ್ತು. ಆದರೆ ನೋಡಿ, ಆಪರೇಷನ್ ಬೇರೆ, ಹೊಟ್ಟೆಗೆ ಬೆಲ್ಟು ಕಟ್ಟುವುದು ಬೇರೆ. ಆಪರೇಷನ್ ಆಯಿತೆಂದರೆ ಜನ ಕಿತ್ತಳೆಹಣ್ಣು ಹಿಡಿದುಕೊಂಡು ಮುಖ ನೋಡಲು ಬರುತ್ತಾರೆ. ಬೆಲ್ಟು ಎಂದರೆ ಸೊಂಟ ನೋಡುತ್ತಾರೆ. ಒಳಗೆ ಪೇಪರ್ ಓದುತ್ತಿದ್ದ ನಮ್ಮನೆಯವರು ಈ ಮಾತು ಕೇಳಿಸಿಕೊಂಡು ಬಾಗಿಲಿಗೆ ಬಂದರು. ಇವರ ಸೊಂಟ ಈವರೆಗೆ ಒಂದು ದಿನವೂ ನೊಂದಿದ್ದಿಲ್ಲ. ಆದರೂ ಹೆಂಡತಿಯ ಮಾನ ಕಾಪಾಡಲು ಒಂದು ಕೈಯನ್ನು ಬೆನ್ನಿಗಿಟ್ಟುಕೊಂಡು ಸಣ್ಣಗೆ ನರಳಿದರು. ಅಂದಿನಿಂದ ಸರೋಜಮ್ಮ ಇವರನ್ನು ಕಂಡಾಗಲೆಲ್ಲ ಸೊಂಟ ಹೇಗಿದೆ ಎಂದು ಕೇಳುತ್ತಿದ್ದರು. ಇವರು ಪ್ರತಿ ಸಲ ನರಳಬೇಕಾಗುತ್ತಿತ್ತು.

ಈಗ ಮತ್ತೆ ಸ್ಕೂಲಿಗೆ ಹೋಗತೊಡಗಿದ್ದೇನೆ. ಬೆಲ್ಟು ಸೀರೆಯ ಒಳಗೆ, ಯಾರಿಗೂ ಕಾಣದ ಹಾಗೆ. ಚಾಕ್ ಪೀಸು ಕೆಳಗೆ ಬಿದ್ದರೆ ಬಗ್ಗುವಂತಿಲ್ಲ, ಬಿದ್ದ ಚಾಕ್ ಪೀಸನ್ನು ನೋಡದವಳ ಹಾಗೆ ಇನ್ನೊಂದು ತೆಗೆದುಕೊಳ್ಳುತ್ತೇನೆ. ಊಟದ ಹೊತ್ತಿಗೆ ಬೆಲ್ಟು ಸ್ವಲ್ಪ ಸಡಿಲ ಮಾಡಬೇಕಲ್ಲ, ಅದರ ಅಂಟುಪಟ್ಟಿ ಬಿಚ್ಚುವಾಗ ಚರ್ರ್ ಎಂದು ಸದ್ದಾಗುತ್ತದೆ. ಆ ಸದ್ದು ಮುಚ್ಚಲು ಜೋರಾಗಿ ಕೆಮ್ಮುತ್ತೇನೆ. ಆಪರೇಷನ್ ಆದಮೇಲೆ ಮೇಡಮ್ಮಿಗೆ ಕೆಮ್ಮು ಅಂಟಿಕೊಂಡಿದೆ ಎಂದು ಸಹೋದ್ಯೋಗಿಗಳು ಮರುಗುತ್ತಾರೆ.

ಇಂಥ ನಾನು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಪುಟ್ಟತಾಯಮ್ಮನ ಮಗಳು. ನನ್ನ ಕೆಮ್ಮಿನ ಸಂಗತಿ ನಮ್ಮೂರಿನವರಿಗೆ ತಿಳಿದರೆ ನಕ್ಕಾರು. ಏಕೆಂದರೆ ಹೊಟ್ಟೆಗೆ ಕಟ್ಟುವ ಬೆಲ್ಟು ಎಂದರೆ ಏನೆಂದು ನಮ್ಮೂರಿಗೆ ತೋರಿಸಿಕೊಟ್ಟವಳೇ ನಮ್ಮವ್ವ. ತೋರಿಸಿದ್ದೂ ಹೇಗೆ ಅಂತೀರಿ.

ಬೆಲ್ಟಿನ ಮಾತಿಗೆ ಮುಂಚೆ ನಮ್ಮವ್ವನ ಸೊಂಟದ ಮಾತು ಹೇಳಬೇಕು. ನಾನು ಚಿಕ್ಕವಳಿದ್ದಾಗ ಅವ್ವ ಕೋಪ ಬಂದಾಗಲೆಲ್ಲ, "ಹೊಟ್ಟೆ ಬಟ್ಟೆ ಕಟ್ಟಿ ಓದಿಸ್ತಾ ಇದೀನಿ ಕಣೇ," ಎನ್ನುತ್ತಿದ್ದಳು. ಉಣ್ಣುವುದರಲ್ಲಿ ಉಡುವುದರಲ್ಲಿ ಹಿಡಿತ ಮಾಡಿ ಎಂಬುದು ಅದರ ಅರ್ಥವೆಂದು ನನಗೆ ಹೈಸ್ಕೂಲಿಗೆ ಹೋಗುವವರೆಗೂ ಗೊತ್ತಿರಲಿಲ್ಲ. ಅವ್ವ ನಿಜವಾಗಿಯೂ ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡಿದ್ದಾಳೆ, ಅದನ್ನು ಬಿಗಿ ಮಾಡಿದಷ್ಟೂ ನಾನು ಪಾಸಾಗುತ್ತೇನೆ ಎಂದುಕೊಂಡಿದ್ದೆ. ಅದಕ್ಕೆ ಕಾರಣವೂ ಇತ್ತು. ನನ್ನ ತಮ್ಮ ಹುಟ್ಟಿದಾಗ ಬಾಣಂತಿ ಅವ್ವನ ಹೊಟ್ಟೆಗೆ ಅಜ್ಜಿ ಹಳೇ ಸೀರೆ ಸುತ್ತಿ, ಅದರ ತುದಿ ಹಿಡಿದು, ಕಪಿಲೆ ಬಾವಿಯ ಹಗ್ಗ ಎಳೆಯುವವಳ ಹಾಗೆ ಹಿಂದಕ್ಕೆ ವಾಲಿ ಎಳೆಯುತ್ತಿದ್ದುದನ್ನು ನಾನೇ ಕಣ್ಣಾರೆ ನೋಡಿದ್ದೆ. ಹಾಗೆ ಕಟ್ಟದಿದ್ದರೆ ಹೊಟ್ಟೆಯೊಳಗೆ ಗಾಳಿ ಸೇರಿಕೊಳ್ಳುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಆ ವರ್ಷ ನಾನು ಗಣಿತದಲ್ಲಿ ಫೇಲಾದಾಗ ಅಜ್ಜಿಯ ಗಂಟು ಸಡಿಲವಾಗಿತ್ತೆಂದೇ ನಂಬಿದ್ದೆ.

ಅವ್ವನ ಸೊಂಟಕ್ಕೆ ಬಟ್ಟೆ ಬಂತೇ ಹೊರತು ಡಾಬು ಬರಲಿಲ್ಲ. ನಮ್ಮ ಮನೆತನದಲ್ಲಿ ಒಂದು ಬೆಳ್ಳಿಯ ಡಾಬಿತ್ತು. ಸೊಂಟದ ಸುತ್ತ ಸೀರೆಯ ಮೇಲೆ ಕೂರುವ, ಮುಂದೆ ನವಿಲಿನ ಮುಖದ ಕೊಂಡಿ ಇರುವ, ಕೈಗೆತ್ತಿಕೊಂಡರೆ ತೂಕ ಗೊತ್ತಾಗುವ ಡಾಬು. ಅಜ್ಜಿ ಅದನ್ನು ಸೊಸೆಗೆ ಕೊಡದೆ ಮಗಳಿಗೆ ಕೊಟ್ಟಳು. ಮಗಳು ಎಂದರೆ ಅಪ್ಪನ ಅಕ್ಕ, ನನ್ನ ಗೌರತ್ತೆ. ಗೌರತ್ತೆಯನ್ನು ನಮ್ಮೂರಿಗೇ ಕೊಟ್ಟಿದ್ದರಿಂದ ಡಾಬು ಊರು ಬಿಟ್ಟು ಹೋಗಲಿಲ್ಲ, ಬೀದಿ ದಾಟಿತು ಅಷ್ಟೇ. ಯಾವ ಮದುವೆ ಬರಲಿ, ಹಿಂದಿನ ದಿನ ಗೌರತ್ತೆ ಡಾಬನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಮನೆಗೆ ಬರುತ್ತಿದ್ದಳು. ಅವ್ವ ಅದನ್ನು ಅಂಟುವಾಳದ ನೀರಿನಲ್ಲಿ ಉಜ್ಜಿ ಬೆಳಗಿ ಕೊಡುತ್ತಿದ್ದಳು. ಒಮ್ಮೆ ಬೆಳಗಿದ ಮೇಲೆ ಅದನ್ನು ತನ್ನ ಸೊಂಟಕ್ಕೆ ಹಿಡಿದು ನೋಡಿ ಮತ್ತೆ ಮಣೆಯ ಮೇಲಿಟ್ಟದ್ದನ್ನು ನಾನು ಅಡುಗೆಮನೆಯಿಂದ ನೋಡಿದೆ. ಅವ್ವ ಅದಕ್ಕೆ ಬೇಸರ ಪಟ್ಟವಳೆಂದು ಹೇಳಲಾರೆ. ಅವಳಿಗೆ ಬೇಸರಕ್ಕೆ ಪುರುಸೊತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಮದುವೆ ಗೊತ್ತಾಯಿತು. ಬೇಸಿಗೆಯಲ್ಲಿ ಲಗ್ನ. ಅದಕ್ಕೆ ಮುಂಚೆ, ಕಣದಲ್ಲಿ ರಾಗಿ ತೂರುತ್ತಿದ್ದ ಅವ್ವ ಮೊರ ಕೈಯಲ್ಲಿದ್ದಂತೆಯೇ ಕುಸಿದು ಕೂತಳು. ಎಷ್ಟೋ ಕಾಲದಿಂದ ವಿಪರೀತ ರಕ್ತಸ್ರಾವವಾಗುತ್ತಿದ್ದುದನ್ನು ಯಾರಿಗೂ ಹೇಳದೆ ನುಂಗಿಕೊಂಡಿದ್ದಳು. ಅರಸೀಕೆರೆಯ ನರ್ಸಿಂಗ್ ಹೋಮಿಗೆ ಕರೆದುಕೊಂಡು ಬಂದೆವು. ಗರ್ಭಕೋಶದ ತುಂಬ ಗಡ್ಡೆಗಳಿವೆ, ತೆಗೆಯಲೇಬೇಕು ಎಂದರು ಡಾಕ್ಟರಮ್ಮ. ಅಪ್ಪನ ಮುಖ ಬಿಳಿಚಿಕೊಂಡಿತು. ನನಗೆ ಅಳು ಬಂತು. ಅವ್ವ ಮಾತ್ರ ಡಾಕ್ಟರಮ್ಮನನ್ನು ಒಂದೇ ಮಾತು ಕೇಳಿದಳು.

"ಮಗಳ ಧಾರೆಗೆ ನಿಂತ್ಕಬೌದಾ?"

ಧಾರೆಯ ಸಂಗತಿ ನಿಮಗೆ ಹೇಳಿಬಿಡುತ್ತೇನೆ. ಹೆಣ್ಣು ಗಂಡಿನ ಕೈ ಸೇರಿಸಿ, ಮೇಲೊಂದು ತೆಂಗಿನಕಾಯಿ ಇಟ್ಟು, ಹೆತ್ತವರು ಹಾಲು ಎರೆಯುವುದು ಎಲ್ಲ ಕಡೆಯೂ ಉಂಟು. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಹೆಚ್ಚು. ಪುರೋಹಿತರು ಮಂತ್ರ ಶುರು ಮಾಡಿದಲ್ಲಿಂದ ಮುಗಿಸುವವರೆಗೆ ಹಾಲಿನ ಧಾರೆ ಕಡಿಯಬಾರದು. ಹೆತ್ತ ತಾಯಿ ಎರಡೂ ಕೈಯಲ್ಲಿ ತುಂಬಿದ ಚೊಂಬು ಹಿಡಿದು ನೂಲಿನೆಳೆಯಷ್ಟು ಸಣ್ಣಗೆ ಎರೆಯುತ್ತಲೇ ಇರಬೇಕು. ಅಪ್ಪ ಅವಳ ಕೈಗೆ ಕೈ ತಾಗಿಸಿರಬೇಕು ಅಷ್ಟೇ. ಭಾರ ತಾಯಿಯದು, ಹೆಸರು ತಂದೆಯದು. ನಡುವೆ ಕೈ ಬಿಡುವಂತಿಲ್ಲ, ಕೂರುವಂತಿಲ್ಲ.

ಡಾಕ್ಟರಮ್ಮ ಲೆಕ್ಕ ಹಾಕಿ, "ನಿಂತ್ಕೊಳ್ಳಬಹುದಮ್ಮ. ಆದರೆ ಬಿಂದಿಗೆ ಗಿಂದಿಗೆ ಎತ್ತಬಾರದು, ಬೆಲ್ಟ್ ಕಟ್ಟಿಕೊಂಡೇ ನಿಲ್ಲಬೇಕು," ಎಂದರು. ಅಲ್ಲಿಗೆ ಅವ್ವ ತಲೆಯಾಡಿಸಿ ಆಪರೇಷನ್ನಿಗೆ ಒಪ್ಪಿದಳು. ಅವಳ ಪಾಲಿಗೆ ಆ ಬೆಲ್ಟು ಔಷಧವಲ್ಲ, ಧಾರೆಗೆ ನಿಲ್ಲಲು ಸಿಕ್ಕಿದ ಅಪ್ಪಣೆ.

ಆಪರೇಷನ್ ಆಯಿತು. ನರ್ಸು ಹೊರಗೆ ಬಂದು ಅಪ್ಪನಿಗೆ, "ಒಂದು ಬೆಲ್ಟ್ ತಗೊಂಡು ಬನ್ನಿ ಯಜಮಾನ್ರೇ," ಎಂದಳು. ಅಪ್ಪ ಪಂಚೆ ಎತ್ತಿ ಕಟ್ಟಿ ಹೊರಟ. ಬಹಳ ಹೊತ್ತಿನ ಮೇಲೆ ಬಂದ. ಪೊಟ್ಟಣ ಬಿಚ್ಚಿದರೆ ಒಳಗೆ ಅಂಗೈ ಅಗಲದ ಕರೀ ಚರ್ಮದ ಬೆಲ್ಟು, ಮುಂದೆ ಆಮೆಯಷ್ಟು ದೊಡ್ಡ ಹಿತ್ತಾಳೆ ಬಕಲು. ರೈಲ್ವೆ ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಇದ್ದುದರಲ್ಲೇ ಗಟ್ಟಿಯಾದದ್ದನ್ನು ಆರಿಸಿ ತಂದಿದ್ದ. ನರ್ಸು ಬಾಯಿಗೆ ಕೈ ಇಟ್ಟುಕೊಂಡಳು.

"ಬೆಲ್ಟ್ ಅಂದ್ರಲ್ಲವ್ವ, ಇದೂ ಬೆಲ್ಟೇಯ," ಎಂದ ಅಪ್ಪ. ಆಮೇಲೆ ಮೆಡಿಕಲ್ ಸ್ಟೋರಿನಿಂದ ಸರಿಯಾದದ್ದನ್ನು ನಾನು ತಂದೆ. ತಂದ ಮಾಲು ದಂಡವಾಗಬಾರದೆಂದು ಚರ್ಮದ್ದನ್ನು ಅಪ್ಪ ತನ್ನ ಪಂಚೆಯ ಮೇಲೆ ಕಟ್ಟಿಕೊಂಡ. ಈಗಲೂ ಅದು ಅವನ ಸೊಂಟದಲ್ಲೇ ಇದೆ, ಆಮೆ ಮಾತ್ರ ಸವೆದು ಬೋಳಾಗಿದೆ.

ಮನೆಗೆ ಕಳಿಸುವಾಗ ಡಾಕ್ಟರಮ್ಮ, "ಬರೀ ಮೈ ಮೇಲೆ ಕಟ್ಟಬೇಡಿ, ಬೆವರಿಗೆ ಕಡಿಯುತ್ತೆ. ಬಟ್ಟೆ ಮೇಲೆ ಕಟ್ಟಿಕೊಳ್ಳಿ," ಎಂದರು. ಒಳಗೊಂದು ತೆಳುವಾದ ಬಟ್ಟೆ ಸುತ್ತಿ ಅದರ ಮೇಲೆ ಬೆಲ್ಟು, ಬೆಲ್ಟಿನ ಮೇಲೆ ಸೀರೆ ಎಂದು ಅವರ ಅರ್ಥ. ಅವ್ವನ ಮಟ್ಟಿಗೆ ಬಟ್ಟೆ ಎಂದರೆ ಸೀರೆ. ಸೀರೆ ಉಟ್ಟಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಅದರ ಮೇಲೆ ಬೆಲ್ಟು ಸುತ್ತಿ ಅಂಟುಪಟ್ಟಿ ಒತ್ತಿದಳು. ಒಂದು ಕಡೆ ಮುಳ್ಳು, ಇನ್ನೊಂದು ಕಡೆ ಜುಂಗು, ಉತ್ತರಾಣಿ ಸೀರೆಯಂಚಿಗೆ ಕಚ್ಚಿಕೊಂಡ ಹಾಗೆ ಕಚ್ಚಿಕೊಳ್ಳುವ ಆ ಪಟ್ಟಿಯನ್ನು ಕಂಡು ಅವಳಿಗೆ ಬಹಳ ಖುಷಿಯಾಯಿತು. ಎರಡು ಮೂರು ಸಲ ಬಿಚ್ಚಿ ಹಾಕಿ ನೋಡಿದಳು. ಹಾಗೆಯೇ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದಳು. ಕಂಡಕ್ಟರು ಅವಳನ್ನೂ ಬೆಲ್ಟನ್ನೂ ನೋಡಿ ಮುಂದಿನ ಸೀಟು ಬಿಡಿಸಿಕೊಟ್ಟು, "ಹೋಂಗಾರ್ಡಾ ಅಮ್ಮ?" ಎಂದು ಮರ್ಯಾದೆಯಿಂದ ಕೇಳಿದ. ಅವ್ವ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಕಿಟಕಿಯ ಕಡೆ ನೋಡುತ್ತ ನೆಟ್ಟಗೆ ಕೂತಳು.

ಊರಿಗೆ ಬಂದ ಸಂಜೆಯೇ ಹೆಂಗಸರು ನಮ್ಮ ಜಗಲಿ ತುಂಬಿದರು. ಆ ಕಾಲಕ್ಕೆ ಹೆಂಗಸರ ಆಪರೇಷನ್ ಎಂದರೆ ಪಿಸುಮಾತಿನ ವಿಷಯ. "ಅದೇ, ಅದನ್ನ ತೆಗ್ಸವ್ರಂತೆ" ಎನ್ನುತ್ತ ಕಣ್ಣಿನಲ್ಲೇ ಹೊಟ್ಟೆ ತೋರಿಸುತ್ತಿದ್ದರು. ನಮ್ಮವ್ವನ ಮುಂದೆ ಪಿಸುಗುಟ್ಟಲು ಏನೂ ಉಳಿದಿರಲಿಲ್ಲ. ಎಲ್ಲ ಎದುರಿಗೇ, ಸೀರೆಯ ಮೇಲೆ, ಅಗಲವಾಗಿ ಕಾಣುತ್ತಿತ್ತು.

"ಇದೇನವ್ವ ಪುಟ್ಟತಾಯಿ, ಹೊಸಾ ನಮೂನೆ ಡಾಬು?" ಎಂದಳು ಎದುರುಮನೆಯ ಅಕ್ಕ.

"ಅರಸೀಕೆರೆ ಡಾಬು," ಎಂದಳು ಅವ್ವ. "ಮುಟ್ಟಿ ನೋಡು, ಏನಾಗಲ್ಲ."

ಮುಟ್ಟಿದರು, ಎಳೆದರು, ಬೇರೆ ಬಣ್ಣದಲ್ಲೂ ಸಿಗುತ್ತದಾ ಎಂದು ವಿಚಾರಿಸಿದರು. ಅಂಟುಪಟ್ಟಿಯ ಚರ್ರ್ ಸದ್ದು ಕೇಳಲೆಂದೇ ಒಬ್ಬೊಬ್ಬರಾಗಿ ಬಿಚ್ಚಿಸಿದರು. ಎಲ್ಲರ ನಗೆ ಮುಗಿದ ಮೇಲೆ ಎದುರುಮನೆಯ ಅಕ್ಕ ಕಂಬಕ್ಕೊರಗಿ, "ನಂಗೂ ಆಗೈತೆ ಕಣೇ. ಯಾರ್ಗೂ ಹೇಳಿರ್ನಿಲ್ಲ. ಕೈಯಲ್ಲೇ ಹೊಟ್ಟೆ ಹಿಡ್ಕಂಡು ಓಡಾಡಿದೆ," ಎಂದಳು. ಜಗಲಿಯ ಆ ಕೊನೆಯಿಂದ ಇನ್ನೊಬ್ಬಳು, ನಂಗೂ ಎಂದಳು. ಇಷ್ಟು ವರ್ಷ ಒಂದೇ ಬೀದಿಯಲ್ಲಿ ನೀರು ಹೊತ್ತವರು ಇವರು. ಅವ್ವ ತನ್ನ ಬೆಲ್ಟು ಬಿಚ್ಚಿ ಎದುರುಮನೆಯ ಅಕ್ಕನ ಸೊಂಟಕ್ಕೆ ಕಟ್ಟಿ, "ಹೆಂಗೈತೆ?" ಎಂದು ಕೇಳಿದಳು. ಆ ಸಂಜೆ ಅವಳ ಮೇಲೆ ನನಗೆ ಹುಟ್ಟಿದ ಹೆಮ್ಮೆ ಇವತ್ತಿಗೂ ಒಂದಿಷ್ಟೂ ಇಳಿದಿಲ್ಲ.

ಆದರೂ ನಾನು ಬಿ.ಎಡ್. ಮಾಡಿದವಳಲ್ಲವೆ, ತಿದ್ದದೆ ಬಿಡುತ್ತೇನೆಯೆ. "ಅವ್ವ, ಅದನ್ನ ಒಳಗೆ ಕಟ್ಕೋಬೇಕು," ಎಂದೆ. ಡಾಕ್ಟರಮ್ಮ ಅವಳಿಗೆ ದಿನಾ ಸ್ವಲ್ಪ ನಡೆಯಬೇಕೆಂದಿದ್ದರು, ಹೀಗಾಗಿ ನಾವಿಬ್ಬರೂ ಸಂಜೆ ಹಳೇಬೀಡಿನ ಗುಡಿಯ ಸುತ್ತ ಹೋಗುತ್ತಿದ್ದೆವು. ಒಂದು ದಿನ ಅವ್ವ ನನ್ನ ತೋಳು ಹಿಡಿದುಕೊಂಡು ಹೊರಗೋಡೆಯ ಒಬ್ಬ ಶಿಲಾಬಾಲಿಕೆಯ ಮುಂದೆ ನಿಲ್ಲಿಸಿದಳು. ಕಲ್ಲಿನ ಸೊಂಟದ ಮೇಲೆ ಸಾಲು ಸಾಲು ಮುತ್ತಿನ, ಕುಚ್ಚು ಇಳಿಬಿದ್ದ, ಮೂರು ಬೆರಳು ಅಗಲದ ಪಟ್ಟಿ.

"ನೋಡು. ಇವ್ಳು ಎಲ್ಲಿ ಕಟ್ಟವ್ಳೆ? ಬಟ್ಟೆ ಮೇಲೇ ತಾನೇ?"

ಪಕ್ಕದಲ್ಲಿ ಪ್ರವಾಸಿಗಳಿಗೆ ವಿವರಿಸುತ್ತಿದ್ದ ಗೈಡು ನಮ್ಮೂರಿನವನೇ. ಅವನು ಶಿಲಾಬಾಲಿಕೆಯನ್ನೂ ಅವ್ವನನ್ನೂ ನೋಡಿ ವಿವರಣೆ ಮರೆತು ನಿಂತ. ಪ್ರವಾಸಿಗಳೂ ಕಲ್ಲು ಬಿಟ್ಟು ಅವ್ವನ ಕಡೆ ತಿರುಗಿದರು. ಅವ್ವ ಸೆರಗು ಸರಿಮಾಡಿಕೊಂಡಳೇ ಹೊರತು ಬೆಲ್ಟು ಮುಚ್ಚಲಿಲ್ಲ.

ಮನೆಯಲ್ಲಿ ನಮಗಿದ್ದದ್ದು ಗೋಡೆಗೆ ತೂಗುಹಾಕಿದ ಸಣ್ಣ ಕನ್ನಡಿ. ಅದರಲ್ಲಿ ಕುಂಕುಮ ಇಡುವಷ್ಟು ಮುಖ ಕಾಣುತ್ತಿತ್ತು, ಸೊಂಟ ಕಾಣುತ್ತಿರಲಿಲ್ಲ. ಬಸ್ತಿಹಳ್ಳಿಯವರಿಗೆ ನಿಲುಗನ್ನಡಿ ಎಂದರೆ ಬಸದಿಯ ಕಂಬಗಳೇ. ಆ ಕರೀ ಕಲ್ಲಿನ ಕಂಬಗಳನ್ನು ಅದ್ಯಾರು ಅಷ್ಟು ನುಣ್ಣಗೆ ಉಜ್ಜಿದರೋ, ಎದುರು ನಿಂತರೆ ನಾವು ಕಾಣುತ್ತೇವೆ. ಒಂದು ಕಡೆ ಉದ್ದವಾಗಿ, ಒಂದು ಕಡೆ ಕುಳ್ಳಗೆ, ಇನ್ನೊಂದು ಕಡೆ ತಲೆಕೆಳಗಾಗಿ. ಚಿಕ್ಕವರಿದ್ದಾಗ ಅಲ್ಲಿ ನಾಲಿಗೆ ಚಾಚಿ ಚಾಚಿ ಪೂಜಾರಿಗಳಿಂದ ಬೈಸಿಕೊಂಡಿದ್ದೇವೆ. ಗುಡಿಯಿಂದ ಬರುವಾಗ ಅವ್ವ ಬಸದಿಯೊಳಗೆ ಹೋಗಿ ಒಂದು ಕಂಬದ ಮುಂದೆ ನಿಂತು, ಕಾಲು ಜೋಡಿಸಿ, ಎರಡೂ ಕೈಯಲ್ಲಿ ಚೊಂಬು ಹಿಡಿದವಳ ಹಾಗೆ ಕೈ ಮುಂದೆ ಚಾಚಿ ತನ್ನನ್ನೇ ನೋಡಿಕೊಳ್ಳುತ್ತಿದ್ದಳು. ನಾನು ಹೊರಗೆ ಕೂತು ಕಾಯುತ್ತಿದ್ದೆ.

ಹೊಲಿಗೆ ನೋಡಲು ಹೋದಾಗ ಡಾಕ್ಟರಮ್ಮ ಸೀರೆಯ ಮೇಲಿನ ಬೆಲ್ಟು ಕಂಡು ಮೊದಲು ನಕ್ಕರು. ಆಮೇಲೆ ಬೆರಳು ತೂರಿಸಿ ನೋಡಿ, "ಇರಲಿ ಬಿಡಿ, ಬಿಗಿ ಇದೆಯಲ್ಲ," ಎಂದರು. ಅಲ್ಲಿಗೆ ನನ್ನ ಬಿ.ಎಡ್. ಮಾತಿಗೆ ಬೆಲೆ ಹೋಯಿತು.

ಲಗ್ನ ಹತ್ತಿರ ಬಂತು. ಒಂದು ದಿನ ಗೌರತ್ತೆ ಬಂದು ನಡುಮನೆಯಲ್ಲಿ ಕೂತು, ಎಲೆ ಅಡಿಕೆ ಹಾಕಿಕೊಂಡು, ಅದು ಪೂರ್ತಿ ಕೆಂಪಾಗುವವರೆಗೆ ಕಾದು ಮಾತು ತೆಗೆದಳು.

"ಪುಟ್ಟತಾಯಿ, ಕೋಪ ಮಾಡ್ಕಬ್ಯಾಡ. ಧಾರೆಗೆ ನಾನೂ ನಮ್ಮನೆಯವ್ರೂ ನಿಂತ್ಕತೀವಿ. ನೀನು ಪಕ್ಕದಾಗೆ ಮಣೆ ಮೇಲೆ ಕೂತ್ಕಂಡು ಕಣ್ತುಂಬ ನೋಡು."

"ಯಾಕಕ್ಕ?" ಎಂದಳು ಅವ್ವ.

"ಯಾಕೆ ಅಂದ್ರೆ ಏನೇಳಾದು. ಮೈಯಾಗೆ ಕಸುವಿಲ್ಲ. ಮಧ್ಯದಾಗೆ ನೀನು ಕುಸಿದ್ರೆ, ಧಾರೆ ಕಡಿದ್ರೆ, ಮಗೀಗೆ ಒಳ್ಳೇದಲ್ಲ. ಅಷ್ಟು ಜನದ ಮುಂದೆ ನಮ್ಮ ತಮ್ಮನ ಮರ್ಯಾದೆ ಏನಾಗಬೇಕು?"

ಗೌರತ್ತೆಯ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಇದ್ದದ್ದು ಹೆದರಿಕೆ. ಅದರ ಜೊತೆಗೆ ಡಾಬು ಕಟ್ಟಿಕೊಂಡು ಮಂಟಪದ ನಡುವೆ ನಿಲ್ಲುವ ಆಸೆಯೂ ಒಂದು ಚಿಟಿಕೆ ಇತ್ತೆಂದು ನನ್ನ ಗುಮಾನಿ. ಅಪ್ಪ ಅಕ್ಕನ ಕಡೆ ನೋಡಲಾರದೆ ಹೆಂಡತಿಯ ಕಡೆಯೂ ನೋಡಲಾರದೆ ಸೂರಿನ ತೊಲೆಗಳನ್ನು ನೋಡುತ್ತ ಕೂತ. ಅವ್ವ ಬೆಲ್ಟಿನ ಮೇಲೆ ಕೈ ಇಟ್ಟುಕೊಂಡು ಮೆಲ್ಲಗೆ ಎದ್ದು ನಿಂತಳು.

"ಅಕ್ಕ, ಇವಳು ಇದ್ದ ಮನೆ ಅದು, ಒಳಗಿದ್ದದ್ದು. ಅದನ್ನೇ ಬಿಟ್ಕೊಟ್ಟೆ. ಯಾಕೆ ಬಿಟ್ಕೊಟ್ಟೆ ಗೊತ್ತಾ? ಧಾರೆಗೆ ನಿಂತ್ಕಬೌದು ಅಂತ ಡಾಕ್ಟರಮ್ಮ ಹೇಳಿದ್ಕೆ. ಇನ್ನು ಇದನ್ನ ಬಿಟ್ಕೊಡು ಅನ್ನಬ್ಯಾಡ."

ಗೌರತ್ತೆ ಎಲೆ ಉಗಿಯಲು ಹಿತ್ತಲಿಗೆ ಹೋದವಳು ಹಾಗೆಯೇ ಮನೆಗೆ ಹೋದಳು.

ಮಾರನೆಯ ಬೆಳಿಗ್ಗೆಯಿಂದ ಅವ್ವನ ಅಭ್ಯಾಸ ಶುರುವಾಯಿತು. ಹಿತ್ತಲಲ್ಲಿ ಅಪ್ಪ ಆಗಷ್ಟೇ ನೆಟ್ಟಿದ್ದ ಒಂದು ತೆಂಗಿನ ಸಸಿಯಿತ್ತು. ಅವ್ವ ಬೆಲ್ಟು ಬಿಗಿದು, ಚೊಂಬಿಗೆ ಮೊದಲು ಕಾಲು ಭಾಗ ನೀರು, ಆಮೇಲೆ ಅರ್ಧ, ಆಮೇಲೆ ತುಂಬ ಹಾಕಿಕೊಂಡು ಸಸಿಯ ಬುಡಕ್ಕೆ ಎಳೆ ಕಡಿಯದಂತೆ ಎರೆಯುತ್ತಿದ್ದಳು. ಅಪ್ಪ ಪಕ್ಕದಲ್ಲಿ ಆಮೆ ಬಕಲಿನ ಬೆಲ್ಟು ಕಟ್ಟಿಕೊಂಡು ಅವಳ ಕೈಗೆ ಕೈ ತಾಗಿಸಿ ನಿಂತು, ಮಂತ್ರದ ಬದಲು ಮದುವೆಗೆ ಬರುವ ನೆಂಟರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದ. ನೆಂಟರೆಲ್ಲ ಮುಗಿಯುವವರೆಗೆ ಧಾರೆ ಕಡಿಯಬಾರದು. ನಮ್ಮ ಕಡೆ ನೆಂಟರಿಗೇನು ಕಮ್ಮಿಯೆ. ಹೀಗೆ ನಮ್ಮ ಹಿತ್ತಲಿನ ತೆಂಗಿನ ಸಸಿ ನನಗಿಂತ ಮುಂಚೆಯೇ ಶಾಸ್ತ್ರೋಕ್ತವಾಗಿ ಧಾರೆ ಎರೆಸಿಕೊಂಡಿತು. ಈಗ ಅದು ಎಳನೀರು ಕೊಡುತ್ತದೆ, ಅದರ ಎಳನೀರು ಬೇರೆ ಮರದ್ದಕ್ಕಿಂತ ಸಿಹಿ ಎಂದು ಅಪ್ಪನ ವಾದ.

ಎಲ್ಲ ಅಭ್ಯಾಸ ಮಾಡಿದ್ದೆವು. ಒಂದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಅಭ್ಯಾಸವೆಲ್ಲ ನಡೆದದ್ದು ನೂಲಿನ ಸೀರೆಯಲ್ಲಿ. ಮದುವೆಗೆ ಉಡುವುದು ರೇಷ್ಮೆ.

ಹಳೇಬೀಡಿನ ಕಲ್ಯಾಣ ಮಂಟಪ. ಬೇಸಿಗೆಯ ಸೆಕೆ, ಜನ, ಓಲಗ. ಅವ್ವ ಹಸಿರು ರೇಷ್ಮೆ ಸೀರೆಯ ಮೇಲೆ ತೊಳೆದು ಒಣಗಿಸಿದ ಬೆಲ್ಟು ಕಟ್ಟಿಕೊಂಡು ಬಂದು ನಿಂತಳು. ಗಂಡಿನ ಕಡೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೌರತ್ತೆ ಬೆಳ್ಳಿ ಡಾಬು ಕಟ್ಟಿಕೊಂಡು, ಆ ಸಲ ತಾನೇ ಬೆಳಗಿಕೊಂಡು, ಅವ್ವನ ಹಿಂದೆ ಸ್ವಲ್ಪ ದೂರದಲ್ಲಿ ಬಿಗುಮಾನದಿಂದ ನಿಂತಿದ್ದಳು. ನಮ್ಮ ಪುರೋಹಿತರ ಗಂಟಲು ಬಹಳ ಚೆನ್ನಾಗಿತ್ತು, ಅದು ಅವರಿಗೂ ಗೊತ್ತಿತ್ತು. ಮಂತ್ರ ಶುರುವಾಯಿತು. ಹಾಲಿನ ಎಳೆ ತೆಂಗಿನಕಾಯಿಯ ಮೇಲೆ ಬಿದ್ದು ನಮ್ಮಿಬ್ಬರ ಕೈಗಳ ಮೇಲೆ ಹರಿಯತೊಡಗಿತು. ನಾನು ತಲೆ ತಗ್ಗಿಸಿರಬೇಕಾದವಳು ಅವ್ವನ ಮುಖವನ್ನೇ ನೋಡುತ್ತಿದ್ದೆ. ಚೆನ್ನಾಗಿಯೇ ನಿಂತಿದ್ದಳು. ಬಾಯಿ ಮಾತ್ರ ಸಣ್ಣಗೆ ಆಡುತ್ತಿತ್ತು. ಮನಸ್ಸಿನಲ್ಲೇ ನೆಂಟರ ಹೆಸರು ಹೇಳಿಕೊಳ್ಳುತ್ತಿದ್ದಳೋ ಏನೋ.

ಆಗ ಕೇಳಿಸಿತು. ಚರ್ರ್.

ಓಲಗದ ನಡುವೆ ಆ ಸದ್ದು ಬೇರೆ ಯಾರಿಗೂ ಕೇಳಿಸಿರಲಾರದು. ಅವ್ವನ ಜೊತೆ ಅಷ್ಟು ದಿನ ಓಡಾಡಿದ ನನ್ನ ಕಿವಿಗೆ ಕೇಳಿಸಿತು. ಹಿತ್ತಲಿನ ಧೂಳು, ನೂಲಿನ ಸೀರೆಯ ಜುಂಗು ಎಲ್ಲ ತುಂಬಿಕೊಂಡು ಅಂಟುಪಟ್ಟಿಯ ಮುಳ್ಳು ಮೊಂಡಾಗಿತ್ತು. ಕೆಳಗೆ ಜಾರುವ ರೇಷ್ಮೆ. ಬೆಲ್ಟು ಅರ್ಧ ಬಿಟ್ಟುಕೊಂಡು ಒಂದು ಕಡೆಗೆ ಇಳಿಯಿತು. ಅವ್ವನ ಮುಖದಲ್ಲಿ ಬೆವರೊಡೆಯಿತು. ಎರಡೂ ಕೈಯಲ್ಲಿ ಚೊಂಬು, ಬಿಡುವಂತಿಲ್ಲ. ಹಾಲಿನ ಎಳೆ ನಡುಗಿತು. ಅಪ್ಪನಿಗೆ ಏನಾಯಿತೆಂದು ಗೊತ್ತಾಗಲಿಲ್ಲ. ಪುರೋಹಿತರು ಕಣ್ಣು ಮುಚ್ಚಿಕೊಂಡು ಇನ್ನೊಂದು ಮಂತ್ರವನ್ನು ಉದ್ದಕ್ಕೆ ಎಳೆದರು. ಇನ್ನೇನು ಧಾರೆ ಕಡಿಯಿತು ಎಂದು ಹೆದರಿದೆ. ನನಗೆ ಕೆಟ್ಟದ್ದಾಗುವ ಹೆದರಿಕೆಯಲ್ಲ ಅದು. ಅವ್ವ ಸೋಲುವುದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಆಗ ಹಿಂದಿನಿಂದ ಎರಡು ಕೈಗಳು ಬಂದವು. ಕೈ ತುಂಬ ಹಸಿರು ಬಳೆ. ಅವು ಅವ್ವನ ಸೊಂಟವನ್ನು ಎರಡೂ ಕಡೆಯಿಂದ ಬಳಸಿ, ಬೆಲ್ಟನ್ನು ಮೇಲಕ್ಕೆಳೆದು, ಹೊಟ್ಟೆಯ ಮೇಲೆ ಬೆರಳು ಬೆರಳು ಹೆಣೆದು ಬಿಗಿಯಾಗಿ ಹಿಡಿದವು. ಜನರಿಗೆ ಮರೆಯಾಗಬಾರದೆಂದು ಗೌರತ್ತೆ ಬಗ್ಗಿ ಅವ್ವನ ಬೆನ್ನಿಗೆ ಕೆನ್ನೆಯೊತ್ತಿ ನಿಂತಿದ್ದಳು. ಅವಳ ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳಿಸಿತು.

"ನೀನು ಎರಿ. ನಾನು ಹಿಡ್ಕಂಡಿದೀನಿ."

ಎಳೆ ನೆಟ್ಟಗಾಯಿತು. ಮಂತ್ರ ಎಷ್ಟು ಉದ್ದವಿತ್ತೋ ಅಷ್ಟು ಉದ್ದವೂ ಕಡಿಯಲಿಲ್ಲ. ಚೊಂಬು ಕೆಳಗಿಟ್ಟ ಮೇಲೆ ಗೌರತ್ತೆ ಮೆಲ್ಲಗೆ ಬೆನ್ನು ನೆಟ್ಟಗೆ ಮಾಡಿ, ಡಾಬು ಒತ್ತಿ ನೊಂದ ಹೊಟ್ಟೆ ತಿಕ್ಕಿಕೊಳ್ಳುತ್ತ, "ಈ ಅಯ್ನೋರಿಗೆ ಒಂದು ದಿನಾನಾದ್ರೂ ಗಂಟಲು ಕಟ್ಟಬಾರದಾ," ಎಂದಳು. ಅವ್ವ ನಕ್ಕಳು. ನಗುತ್ತ ಅವಳ ಕಣ್ಣಲ್ಲಿ ನೀರು ಬಂತು, ಅತ್ತೆಯ ಕಣ್ಣಲ್ಲೂ ಬಂತು. ನನ್ನ ಧಾರೆಯ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತಿದ್ದ ಗಂಡನ ಮುಖ ಹೇಗಿತ್ತೆಂದು ನನಗೆ ಇವತ್ತಿಗೂ ನೆನಪಿಲ್ಲ. ಆ ದೂರು ಇವರಿಗೆ ಇನ್ನೂ ಇದೆ.

ಅಂಟು ಹೋದ ಬೆಲ್ಟಿಗೆ ಅವ್ವ ಆಮೇಲೆ ಗಂಟು ಹಾಕಿಕೊಳ್ಳಲು ಗಟ್ಟಿಯಾದ ಕಸೆಗಳನ್ನು ಹೊಲಿದಳು. ಬಸ್ತಿಹಳ್ಳಿಯಲ್ಲಿ ಯಾವ ಹೆಣ್ಣಿಗೆ ಹೊಟ್ಟೆಯ ಆಪರೇಷನ್ ಆದರೂ ಮೊದಲು ಅವಳ ಮನೆಗೆ ಅರಸೀಕೆರೆ ಡಾಬು ಹೋಗುತ್ತದೆ, ಆಮೇಲೆ ಹಣ್ಣು. ವಾಸಿಯಾದ ಮೇಲೆ ಅದು ಒಗೆಸಿಕೊಂಡು, ಒಂದು ಹೂವಿನೊಂದಿಗೆ ಅವ್ವನ ಟ್ರಂಕಿಗೆ ವಾಪಸು ಬರುತ್ತದೆ. ಗೌರತ್ತೆಯ ಡಾಬು ಕೂಡ ಇಷ್ಟು ಮನೆ ತಿರುಗಿಲ್ಲ.

ಇಷ್ಟೆಲ್ಲ ಯಾಕೆ ನೆನಪಾಯಿತೆಂದರೆ, ನಿನ್ನೆ ಸರೋಜಮ್ಮ ಇವರ ಸೊಂಟಕ್ಕೆಂದು ಬಿಸಿ ಹುರುಳಿಯ ಗಂಟು ಮಾಡಿಕೊಂಡು ಬಂದುಬಿಟ್ಟರು. ಇವರು ನನ್ನ ಕಡೆ ದೈನ್ಯದಿಂದ ನೋಡಿದರು. ಮಾತು ಮರೆಸಲು ನಾನು ಮದುವೆಯ ಆಲ್ಬಂ ತೆಗೆದುಕೊಟ್ಟೆ. ಸರೋಜಮ್ಮ ಪುಟ ತಿರುವುತ್ತ ಧಾರೆಯ ಫೋಟೋದ ಹತ್ತಿರ ನಿಂತರು. ಅವ್ವ ಚೊಂಬು ಹಿಡಿದಿದ್ದಾಳೆ, ಅಪ್ಪನ ಆಮೆ ಹೊಳೆಯುತ್ತಿದೆ, ಅವ್ವನ ಸೊಂಟದಲ್ಲಿ ಯಾರದೆಂದು ಗೊತ್ತಾಗದ ಎರಡು ಕೈಗಳು.

"ಇದು ಯಾವ ತರದ ಡಾಬು ರೀ? ಕೈಯ ಹಾಗೇ ಮಾಡಿದ್ದಾರಲ್ಲ," ಎಂದರು ಅವರು.

ನಾನು ಎದ್ದು ಹಿತ್ತಲಿಗೆ ಹೋದೆ. ತಂತಿಯ ಮೇಲಿದ್ದ ಬೆಲ್ಟು ತೆಗೆದು, ಸೀರೆಯ ಮೇಲೆಯೇ ಸುತ್ತಿ, ಅಂಟುಪಟ್ಟಿ ಒತ್ತಿಕೊಂಡು ಒಳಗೆ ಬಂದೆ. ಕೆಮ್ಮಲಿಲ್ಲ. ಸರೋಜಮ್ಮ ಬೆಲ್ಟು ನೋಡಿದರು, ಇವರನ್ನು ನೋಡಿದರು, ಕೈಯಲ್ಲಿದ್ದ ಹುರುಳಿ ಗಂಟು ನೋಡಿದರು. ಇವರು ಬೆನ್ನು ನೆಟ್ಟಗೆ ಮಾಡಿಕೊಂಡು, ಅಂತೂ ವಾಸಿಯಾಯಿತು ಎಂದರು. ನಾನು ಸರೋಜಮ್ಮನ ಪಕ್ಕ ಕೂತು ಆಲ್ಬಮ್ಮಿನ ಮುಂದಿನ ಪುಟ ತಿರುವಿದೆ.

ಅದರಲ್ಲಿ ಮನೆಯವರೆಲ್ಲ ಸಾಲಾಗಿ ನಿಂತಿದ್ದೇವೆ. ಎಲ್ಲರ ಮುಂದೆ ಅವ್ವ, ಹಸಿರು ರೇಷ್ಮೆಯ ಮೇಲೆ ಮೈಬಣ್ಣದ ಬೆಲ್ಟು. ಅದರ ಬಾಯಿಗೆ ಗೌರತ್ತೆ ತನ್ನ ಬೆಳ್ಳಿ ಡಾಬಿನ ನವಿಲುಕೊಂಡಿಯನ್ನೇ ಕಳಚಿ ಸಿಕ್ಕಿಸಿ ಭದ್ರ ಮಾಡಿದ್ದಾಳೆ. ಈ ಫೋಟೋ ತೆಗೆಯುವಾಗ ಫೋಟೋಗ್ರಾಫರು ಕ್ಯಾಮೆರಾದಿಂದ ತಲೆಯೆತ್ತಿ, "ಅಮ್ಮ, ಒಂದು ನಿಮಿಷ ಆ ಬೆಲ್ಟ್ ತೆಗೀರಿ, ಫೋಟೋದಲ್ಲಿ ಕಾಣುತ್ತೆ," ಎಂದಿದ್ದ. ಅವ್ವ ಇನ್ನೂ ಸ್ವಲ್ಪ ನೆಟ್ಟಗೆ ನಿಂತು ಹೇಳಿದ್ದಳು:

"ಕಾಣ್ಲಿ ಬಿಡಪ್ಪ. ಕಾಣ್ಲಿ ಅಂತ್ಲೇ ಕಟ್ಕಂಡಿರಾದು."